ಖರೇ ಧ್ವನಿ ಯಾವುದು?

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಕುಳಿತು ಮಂದಿಯ ಸಾಲದ ಅರ್ಜಿ ತೂಗಿದವನು ನಾನು. ಎರಡು ಕಾಗದ ಮುಂದಿಟ್ಟರೆ ಯಾವುದು ಗಟ್ಟಿ, ಯಾವುದು ಟೊಳ್ಳು ಎಂದು ಹೇಳಬಲ್ಲೆ ಎಂಬ ಜಂಬ ಒಂದಿಷ್ಟು ಇತ್ತು. ಆ ಜಂಬ ಇಳಿದದ್ದು ಪುಣೆಯ ಒಂದು ಅಂಗಡಿಯಲ್ಲಿ, ಎರಡು ಕರೀ ಡಬ್ಬಿಗಳ ಮುಂದೆ.

ಮಗನಿಗೆ ಮನೆಯಲ್ಲಿ ಹೋಮ್ ಥಿಯೇಟರ್ ಬೇಕಾಗಿತ್ತು. ಅವನಿಗೆ ಸಿನಿಮಾ, ನನಗೆ ಭೀಮಸೇನ ಜೋಶಿ. ಎರಡಕ್ಕೂ ಒಂದೇ ಯಂತ್ರ ಸಾಕು ಅಂದ. ಐದು ಸ್ಪೀಕರ್, ಒಂದು ಸಬ್‌ವೂಫರ್, ಇವೆಲ್ಲವನ್ನೂ ನಡೆಸುವ ಎ.ವಿ. ರಿಸೀವರ್. ಆ ರಿಸೀವರ್ ಯಾವುದು ಎಂಬುದೇ ಪ್ರಶ್ನೆ. ಕೊನೆಗೆ ಉಳಿದವು ಎರಡು, ಒಂದು ಯಾಮಾಹಾ, ಒಂದು ಡೆನಾನ್. ಬೆಲೆಯಲ್ಲಿ ಸ್ವಲ್ಪ ಹೆಚ್ಚುಕಡಿಮೆ. “ಅಪ್ಪಾ, ನಿಮ್ಮ ಕಿವಿ ಸಂಗೀತ ಕೇಳಿ ತಯಾರಾದ ಕಿವಿ. ನೀವೇ ಹೇಳ್ರಿ” ಅಂದ. ಇಂಥ ಮಾತು ಕೇಳಿದರೆ ಯಾವ ತಂದೆ ಬಿಟ್ಟಾನು? ಹೊರಟೆ.

ಹುಡುಗ ಮಾರಾಟಗಾರ ಮೊದಲು ಕಡಿಮೆ ಬೆಲೆಯದು ಕೇಳಿಸಿದ, ಆಮೇಲೆ ಹೆಚ್ಚು ಬೆಲೆಯದು. ನಾನು ಕಣ್ಣುಮುಚ್ಚಿ ಕೇಳಿದೆ. ಎರಡನೆಯದರಲ್ಲಿ ತಬಲಾದ ಬಾಯಾ ತುಂಬಿ ಬಂತು, ತಂಬೂರಿ ಬಿಚ್ಚಿಕೊಂಡಿತು. “ಇದೇ, ಸಂಶಯವೇ ಇಲ್ಲ” ಎಂದುಬಿಟ್ಟೆ. ಮಗ ಏನೂ ಮಾತಾಡದೆ ಫೋನಿನಲ್ಲಿ ಶಬ್ದ ಅಳೆಯುವ ಆ್ಯಪ್ ತೆರೆದ. ಎರಡನೆಯದನ್ನು ಎರಡು ಡೆಸಿಬೆಲ್ ಜೋರಾಗಿ ಹಾಕಿದ್ದರು! ಸಮ ಮಾಡಿ, ಯಾವುದು ಯಾವುದೆಂದು ಹೇಳದೆ ಮತ್ತೆ ಕೇಳಿಸಿದ. ಆರು ಸಲದಲ್ಲಿ ಮೂರು ಸರಿ ಹೇಳಿದೆ. ನಾಣ್ಯ ಹಾರಿಸಿದರೂ ಅಷ್ಟೇ ಬರುತ್ತಿತ್ತು.

ಕಿವಿಯ ಸ್ವಭಾವವೇ ಹಾಗಂತೆ. ಒಂದೇ ಧ್ವನಿ ಕೂದಲೆಳೆಯಷ್ಟು ಜೋರಾದರೆ ಅದು ‘ಜೋರು’ ಎಂದು ತಿಳಿಯುವುದಿಲ್ಲ, ‘ಚಲೋ’ ಎಂದು ತಿಳಿಯುತ್ತದೆ. ಸಣ್ಣ ಸದ್ದಿನಲ್ಲಿ ಮಂದ್ರದ ಸ್ವರ ಕಿವಿಗೆ ಬಡವಾಗುತ್ತದೆ, ಸ್ವಲ್ಪ ಏರಿಸಿದರೆ ತುಂಬಿಕೊಳ್ಳುತ್ತದೆ. ಡಬ್ಬಿಯ ಮೇಲೆ ಬರೆದ ವಾಟ್‌ಗಳದೂ ಇಂಥದೇ ಕಥೆ. 50 ವಾಟ್ 100 ಆದರೆ ಸದ್ದು ದುಪ್ಪಟ್ಟಾಗುವುದಿಲ್ಲ, ಮೂರು ಡೆಸಿಬೆಲ್ ಏರುತ್ತದೆ. ಕಿವಿಗೆ ದುಪ್ಪಟ್ಟು ಅನಿಸಬೇಕಾದರೆ ಸುಮಾರು ಹತ್ತು ಪಟ್ಟು ವಾಟ್ ಬೇಕು. ಆ 100 ವಾಟ್ ಕೂಡ ಹಲವು ಸಲ ಎರಡೇ ಚಾನೆಲ್ ನಡೆಸಿ ಅಳೆದದ್ದು, ಐದೂ ಒಟ್ಟಿಗೆ ದುಡಿದರೆ ಇಳಿಯುತ್ತದೆ. ಸಣ್ಣ ಅಕ್ಷರ ಓದದೆ ಸಹಿ ಹಾಕಬೇಡಿ ಎಂದು ಗಿರಾಕಿಗಳಿಗೆ ಹೇಳುತ್ತಿದ್ದ ನಾನೇ ಆ ಸಣ್ಣ ಅಕ್ಷರ ಓದಿರಲಿಲ್ಲ.

ಇನ್ನೊಂದು ಮಾತು ಒಪ್ಪಿಕೊಳ್ಳಬೇಕು. ಅರವತ್ತು ದಾಟಿದ ಕಿವಿಗೆ ಅತಿ ಏರುದನಿಯ ಕಂಪನಗಳು ಕೇಳುವುದೇ ಕಡಿಮೆ. ನಾನು ‘ಶುದ್ಧ’ ಅನ್ನುವ ಧ್ವನಿಯಲ್ಲಿ ಮಗನಿಗೆ ‘ಸುಯ್’ ಎಂಬ ಸದ್ದು ಕೇಳುತ್ತದೆ. ನನಗೆ ಕೇಳದ ದೋಷ ಇಲ್ಲವೇ ಇಲ್ಲ ಎಂದು ಎಷ್ಟು ಸಲ ಸಹಿ ಹಾಕಿದ್ದೇನೋ!

ಇಷ್ಟೇ ಆಗಿದ್ದರೆ ಇದು ನಗುವ ಕಥೆ. ಮಾರನೆಯ ವಾರ ಬೇರೆ ಅಂಗಡಿಗೆ ಹೋದಾಗ ನನ್ನಾಕೆಯೂ ಬಂದಳು. ಮಗ ಪೆನ್ ಡ್ರೈವ್‌ನಲ್ಲಿ ಒಂದು ಹಳೆಯ ಕ್ಯಾಸೆಟ್ಟಿನ ಧ್ವನಿ ಇಳಿಸಿ ತಂದಿದ್ದ. 1988ರಲ್ಲಿ ಧಾರವಾಡದ ಮಾಳಮಡ್ಡಿಯ ಮನೆಯಲ್ಲಿ, ಅವನ ನಾಮಕರಣದ ದಿನ, ನಮ್ಮ ಅತ್ತೆಯವರು ತೊಟ್ಟಿಲ ಹಾಡು ಹಾಡಿದ್ದು. ಆಗಲೇ ಅವರಿಗೆ ಉಬ್ಬಸ. ಮರುವರ್ಷ ಹೋಗಿಬಿಟ್ಟರು. ಅವರ ಧ್ವನಿ ಅಂತ ನಮ್ಮ ಹತ್ತಿರ ಉಳಿದದ್ದು ಆ ಒಂದೇ ಕ್ಯಾಸೆಟ್.

ಮೊದಲು ‘ಡೈರೆಕ್ಟ್’ ಗುಂಡಿ ಒತ್ತಿ ಕೇಳಿದೆವು. ಅಂದರೆ ಯಂತ್ರ ತನ್ನದೇನೂ ಸೇರಿಸದೆ ಬಂದದ್ದನ್ನು ಬಂದಂತೆ ಕೊಡುವುದು. ಟೇಪಿನ ಸುಯ್‌ಗುಟ್ಟುವಿಕೆ, ಒಳಗೆಲ್ಲೋ ಭಾಂಡೆ ಬಿದ್ದ ಸದ್ದು, ಸ್ಟೇಷನ್ನಿನ ಕಡೆಯಿಂದ ಗಾಡಿಯ ಸೀಟಿ, ನಡುವೆ ಅತ್ತೆಯವರ ಏದುಸಿರು. ಆಮೇಲೆ ಯಾಮಾಹಾದಲ್ಲಿ ಇನ್ನೊಂದು ಗುಂಡಿ ಒತ್ತಿದ. ಅದರಲ್ಲಿ ದೊಡ್ಡ ದೊಡ್ಡ ಸಭಾಂಗಣಗಳ ಅನುರಣನ ತುಂಬಿಟ್ಟಿದ್ದಾರೆ, ಮ್ಯೂನಿಕ್‌ನದೊಂದು, ವಿಯೆನ್ನಾದ್ದೊಂದು. ವಿಯೆನ್ನಾ ಒತ್ತಿದ ಕೂಡಲೇ ಸುಯ್ ಹಿಂದೆ ಸರಿಯಿತು, ಉಸಿರಿನ ಎಳೆತ ಕರಗಿತು, ಧ್ವನಿ ದೊಡ್ಡದಾಗಿ ತೇಲಿ ಬಂತು. ಅತ್ತೆಯವರು ಜೀವಮಾನದಲ್ಲಿ ಧಾರವಾಡ ಬಿಟ್ಟು ಹೋದದ್ದು ಪಂಢರಪುರಕ್ಕೆ, ತಿರುಪತಿಗೆ. ಈಗ ವಿಯೆನ್ನಾ! “ಅಪ್ಪಾ, ಹಿಂದ ಅಳೂದು ನಾನs. ನಾನೂ ವಿಯೆನ್ನಾದಾಗ ಅತ್ತೇನಿ” ಎಂದು ಮಗ ನಕ್ಕ.

ಅವಳು ನಗಲಿಲ್ಲ. “ಇದs ಇರಲಿ. ಅವ್ವ ಹಿಂಗs ಹಾಡತಿದ್ಲು” ಅಂದಳು.

ನಾನು ಸುಮ್ಮನಿರಬೇಕಿತ್ತು. ಎಂ.ಕಾಂ. ಓದಿದ ತಲೆ ಸುಮ್ಮನಿರಲಿಲ್ಲ. “ಇದು ಯಂತ್ರ ಸೇರಿಸಿದ್ದು. ಖರೇ ಧ್ವನಿ ಮೊದಲಿಂದು. ಅವರಿಗೆ ಅವತ್ತು ಉಸಿರು ಹಿಡೀತಿತ್ತು, ನಾನೇ ಎದುರಿಗೆ ಕೂತಿದ್ದೆ” ಅಂದೆ.

ಅವಳು ನನ್ನ ಮುಖ ನೋಡಿದಳು. “ಏನ್ರೀ, ಟೇಪಿನ್ಯಾಗ ಬಂದದ್ದು ಅವ್ವನ ಖರೇ ಧ್ವನಿ ಅಂತ ನಿಮಗ ಯಾರು ಹೇಳಿದ್ರು? ನೀವು ಕೇಳಿದ್ದು ನಾಲ್ಕು ವರ್ಷ, ಅದೂ ಹಬ್ಬಕ್ಕ ಬಂದಾಗ. ನಾ ಕೇಳೇನಿ ಇಪ್ಪತ್ತೈದು ವರ್ಷ. ಆ ಡಬ್ಬಿ ಅವ್ವನ್ನ ಅಂದs ಸಣ್ಣಾಕಿನ್ನ ಮಾಡಿಟ್ಟಿತ್ತು.”

ಮನೆಗೆ ಬರುವವರೆಗೂ ಮಾತಿಲ್ಲ. ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಆಕೆ ಹೇಳಿದ್ದರಲ್ಲಿ ತಪ್ಪೇನಿತ್ತು? ಆಗಿನ ಟೂ-ಇನ್-ಒನ್ನಿನ ಒಳಗಿನ ಮೈಕು ಎಷ್ಟೊಂದು ಸಣ್ಣದು. ಧ್ವನಿಯ ತಳವೂ ತುದಿಯೂ ಅದರಲ್ಲಿ ಸರಿಯಾಗಿ ಬರುತ್ತಿರಲಿಲ್ಲ. ಹಾಡುವವರು ಏರಿದರೆ ಯಂತ್ರವೇ ತಗ್ಗಿಸುತ್ತಿತ್ತು, ಸುಮ್ಮನಾದರೆ ತಾನಾಗಿ ಏರಿಸಿಕೊಂಡು ಉಸಿರನ್ನೂ ಭಾಂಡೆಯನ್ನೂ ದೊಡ್ಡದು ಮಾಡುತ್ತಿತ್ತು. ನಾನು ‘ಖರೇ’ ಎಂದು ಹಟ ಹಿಡಿದದ್ದು ಆ ಟೇಪಿಗೆ ನಿಷ್ಠವಾದ ಧ್ವನಿ. ಅವಳು ಕೇಳುತ್ತಿದ್ದದ್ದು ತಾಯಿಗೆ ನಿಷ್ಠವಾದದ್ದು. ವೋಚರಿಗೂ ಲೆಡ್ಜರಿಗೂ ತಾಳೆ ನೋಡಿ ಸರಿ ಎಂದವನು ನಾನು. ವೋಚರೇ ಅರೆಬರೆ ಇದ್ದರೆ?

ಆಡಿಟ್ ಕಲಿಸುವಾಗ ನಮ್ಮ ಮೇಷ್ಟ್ರು ಒಂದು ಮಾತು ಒತ್ತಿ ಹೇಳುತ್ತಿದ್ದರು. 1913ರ ಕಂಪನಿ ಕಾಯಿದೆ ಲೆಕ್ಕಪತ್ರ ‘ಟ್ರೂ ಅಂಡ್ ಕರೆಕ್ಟ್’ ಇರಬೇಕು ಅನ್ನುತ್ತಿತ್ತು. 1956ರ ಕಾಯಿದೆ ಅದನ್ನು ‘ಟ್ರೂ ಅಂಡ್ ಫೇರ್’ ಮಾಡಿತು. ಅಂಕಿ ಅಂಕಿಗೆ ಕೂಡಿದರೆ ಸಾಲದು, ಒಟ್ಟು ಚಿತ್ರ ನ್ಯಾಯವಾಗಿರಬೇಕು. ಪರೀಕ್ಷೆಗೆ ಬಾಯಿಪಾಠ ಮಾಡಿ ಬರೆದಿದ್ದೆ. ಅದರ ಅರ್ಥ ಹೊಳೆದದ್ದು ಈಗ.

ಪುಣೆಯಲ್ಲಿರುವ ಕನ್ನಡಿಗರಿಗೆ ಇದನ್ನು ಕಲಿಸಲು ಭೀಮಸೇನರ ಬಾಲ್ಯವೇ ಸಾಕು. ಗದಗಿನ ಆ ಹುಡುಗ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಗ್ರಾಮೋಫೋನ್ ತಟ್ಟೆ ಕೇಳಿದ, ಹಾಗೆ ಹಾಡಬೇಕೆಂಬ ಹುಚ್ಚು ಹಿಡಿಯಿತು, 1933ರಲ್ಲಿ ಹನ್ನೊಂದನೇ ವಯಸ್ಸಿಗೆ ಮನೆ ಬಿಟ್ಟು ಓಡಿದ. ಆ ತಟ್ಟೆಯ ಗುಣಮಟ್ಟ ಎಂಥದು? ಒಂದು ಬದಿಗೆ ಮೂರು ಚಿಲ್ಲರೆ ನಿಮಿಷ, ಸೂಜಿಯ ಕರಕರ. ಇಂದಿನ ಅತಿ ಅಗ್ಗದ ಫೋನು ಅದಕ್ಕಿಂತ ಚಲೋ ನುಡಿಯುತ್ತದೆ. ಆದರೆ ಕೊರತೆಯಾದದ್ದನ್ನೆಲ್ಲ ಆ ಹುಡುಗನ ಕಿವಿ ತುಂಬಿಕೊಂಡಿತು. ಊರೂರು ಅಲೆದು ಅವರಿಗೆ ಗುರು ಸಿಕ್ಕಿದ್ದು ಮರಳಿ ನಮ್ಮ ಸೀಮೆಯಲ್ಲೇ, ಹುಬ್ಬಳ್ಳಿ ಹತ್ತಿರದ ಕುಂದಗೋಳದಲ್ಲಿ, ಅದೇ ಖಾನರ ಶಿಷ್ಯರಾದ ಸವಾಯಿ ಗಂಧರ್ವರು. ಆ ಗುರುಗಳ ನೆನಪಿಗೆ 1953ರಲ್ಲಿ ಭೀಮಸೇನರು ಪುಣೆಯಲ್ಲಿ ಉತ್ಸವ ಶುರು ಮಾಡಿದರು.

1994ರಲ್ಲಿ ಬದಲಿಯಾಗಿ ಬಂದ ವರ್ಷ ನಾನು ಮೊದಲ ಸಲ ರಮಣಬಾಗ್ ಶಾಲೆಯ ಮೈದಾನದಲ್ಲಿ ಆ ಉತ್ಸವಕ್ಕೆ ಕೂತೆ. ಡಿಸೆಂಬರಿನ ಥಂಡಿ, ಶಾಲು, ಕೆಳಗೆ ಜಮಖಾನೆ. ನನ್ನ ಜಾಗ ಒಂದು ಧ್ವನಿವರ್ಧಕದ ಬಗಲಿಗೆ, ಎಡಗಿವಿ ಗುಂಯ್ ಅನ್ನುತ್ತಿತ್ತು. ಆದರೂ ಊರು ಬಿಟ್ಟು ಬಂದ ಆ ಮೊದಲ ಚಳಿಗಾಲದಲ್ಲಿ ಭೀಮಸೇನರ ಷಡ್ಜ ಕೇಳಿ ಧಾರವಾಡಕ್ಕೆ ಹೋಗಿಬಂದಂತಾಯಿತು. ಆಮೇಲೆ 2000ದ ಶಬ್ದಮಾಲಿನ್ಯ ನಿಯಮಗಳು ಬಂದು, ಬೆಳತನಕದ ಬೈಠಕ್ ಮೊಟಕಾಯಿತು. ಅದೆಷ್ಟು ಯಂತ್ರದಲ್ಲಿ ಕೇಳಿದರೂ ಆ ರಾತ್ರಿಯ ಧ್ವನಿಯೇ ನನ್ನ ಅಳತೆಗೋಲು. ಅದು ನಿಜಕ್ಕೂ ಅಷ್ಟು ಚಲೋ ಇತ್ತೇ? ಅಲ್ಲಿದ್ದದ್ದು ಎಷ್ಟು, ನಾನು ಸೇರಿಸಿದ್ದು ಎಷ್ಟು?

ಊರು ಬಿಟ್ಟವರೆಲ್ಲರ ತಲೆಯಲ್ಲೂ ಇಂಥದೊಂದು ರಿಸೀವರ್ ಇರುತ್ತದೆ ಎಂದು ಕಾಣುತ್ತದೆ. ನಮ್ಮ ಧಾರವಾಡದಲ್ಲಿ ಯಾವಾಗಲೂ ಸಣ್ಣ ಮಳೆ, ಪೇಡೆಯ ವಾಸನೆ. ಹೋಗಿ ಇಳಿದರೆ ಚಿಗರಿ ಬಸ್ಸು, ಧೂಳು, ಗುರುತಿಲ್ಲದ ಮುಖ. ಅಲ್ಲೇ ಉಳಿದ ತಮ್ಮ “ಅಣ್ಣಾ, ನೀ ಹೇಳೂ ಧಾರವಾಡ ನಾನಂತೂ ನೋಡಿಲ್ಲ” ಅನ್ನುತ್ತಾನೆ. ಸುಳ್ಳು ಹೇಳುತ್ತಿದ್ದೇನೆಯೇ?

ಯೋಚಿಸಿ ನನಗೆ ಹೀಗೆ ತೋರಿತು. ಸೇರಿಸುವುದೇ ಪಾಪವಾದರೆ ನೆನಪು ಎಂಬುದೇ ಪಾಪ. ಮೊದಲ ಅಂಗಡಿಯಲ್ಲಿ ನನಗೆ ಸಿಟ್ಟು ಬಂದದ್ದು ಜೋರು ಮಾಡಿದ್ದಕ್ಕಲ್ಲ, ಹೇಳದೆ ಮಾಡಿದ್ದಕ್ಕೆ. ಬ್ಯಾಲೆನ್ಸ್ ಶೀಟಿನ ಕೆಳಗೆ ‘ನೋಟ್ಸ್ ಟು ಅಕೌಂಟ್ಸ್’ ಅಂತ ಇರುತ್ತದಲ್ಲ, ಲೆಕ್ಕ ಹೇಗೆ ಮಾಡಿದ್ದೇವೆಂದು ಅಲ್ಲಿ ಹೇಳಿಕೊಳ್ಳಬೇಕು. ವಿಯೆನ್ನಾ ಗುಂಡಿ ಎದುರಿಗೇ ಇದೆ, ಅದರ ಹೆಸರೂ ಬರೆದಿದೆ. ಒತ್ತಿದ್ದು ಗೊತ್ತಿದ್ದೇ ಅವಳು ಒತ್ತುತ್ತಾಳೆ. ಸೇರಿಸಿದ್ದು ಮರೆತು, ಅದನ್ನೇ ತೋರಿಸಿ ಇವತ್ತಿನ ಧಾರವಾಡದವರನ್ನು ಹಳಿಯಲು ಹೊರಟರೆ ಅಲ್ಲಿ ಅನ್ಯಾಯ ಶುರು. ಹಾಗೆಯೇ, ಉಸಿರಿನ ಎಳೆತವೇ ಸತ್ಯ ಎಂದು ಒಬ್ಬ ಮಗಳ ಮೇಲೆ ಹೇರಿದರೆ ಅದೂ ಅನ್ಯಾಯವೇ. ನಾನು ಮಾಡಿದ್ದು ಅದನ್ನೇ.

ಯಾಮಾಹಾ ತಂದೆವು, ಕಡಿಮೆ ಬೆಲೆಯ ಮಾಡೆಲ್ಲು. ಉಳಿದ ಹಣ ಸ್ಪೀಕರಿಗೆ ಹಾಕಿದೆವು, ಧ್ವನಿಯ ಫರಕು ಹೆಚ್ಚು ಅಲ್ಲೇ ಇರುವುದು. ನುಣ್ಣನೆಯ ಟೈಲ್ಸಿನ ಹಾಲಿನಲ್ಲಿ ಸದ್ದು ಸಿಡಿದು ಬರುತ್ತಿತ್ತು. ಟ್ರಂಕಿನಲ್ಲಿದ್ದ ಅತ್ತೆಯವರ ನವಲಗುಂದ ಜಮಖಾನೆ ಹಾಸಿದೆ, ಪಡಸಾಲೆ ಶಾಂತವಾಯಿತು.

ಮೊನ್ನೆ ಮಧ್ಯಾಹ್ನ ಅವಳು ಹಾಡು ಕೇಳುತ್ತ ಕೂತಿದ್ದಳು, ವಿಯೆನ್ನಾದಲ್ಲಿ. ನಾನು ಬಾಯಿ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಅವಳೇ ರಿಮೋಟ್ ನನ್ನ ಕೈಗಿತ್ತಳು.

“ಆ ಗಾಡಿ ಸೀಟಿ ಇದರಾಗ ಛಂದ ಕೇಳಿಸೂದಿಲ್ಲ. ನಿಮ್ಮದು ಹಚ್ಚ್ರಿ ಒಂದು ಸಲ.”