ಚೂರು ಕಂಡು ಗಿಡವೆನ್ನಬಹುದೇ?

ರಾಜಮಹಲ್ ಬೆಟ್ಟಗಳ ನಿಪಾನಿಯಾದಲ್ಲಿ 10 ಕೋಟಿ ವರ್ಷಗಳಿಗೂ ಹಿಂದಿನ ಸಸ್ಯಗಳು ಕಲ್ಲಾಗಿ ಉಳಿದಿವೆ. ಕಾಂಡ, ಎಲೆ, ಬೀಜದ ಗೊಂಚಲು ಬಿಡಿಬಿಡಿಯಾಗಿ ಸಿಕ್ಕಿದ್ದವು. ಒಂದೊಂದಕ್ಕೂ ಬೇರೆ ಬೇರೆ ಹೆಸರು. ಪ್ರೊ. ಬೀರಬಲ್ ಸಾಹ್ನಿಯವರು ಅವುಗಳ ಒಳರಚನೆಯನ್ನು ಹೋಲಿಸಿ, ಇವೆಲ್ಲ ಒಂದೇ ಬಗೆಯ ಗಿಡದ ಅಂಗಗಳೆಂದು 1948ರಲ್ಲಿ ತೋರಿಸಿದರು. ಅದೇ ಪೆಂಟಾಕ್ಸಿಲಾನ್.

ಕಲ್ಲಾದ ಎಲೆಗೆ ಸಲ್ಲುವ ಈ ತಾಳ್ಮೆ ಮನುಷ್ಯನಿಗೆ ಸಲ್ಲಬೇಡವೇ? ಊರಿನವರು ನಮ್ಮನ್ನು ರಜೆಯ ಹತ್ತು ದಿನಗಳಲ್ಲಿ ಅಳೆಯುತ್ತಾರೆ. ನಾವು ಪಕ್ಕದ ಮನೆಯವರನ್ನು ಮೆಟ್ಟಿಲ ಮೇಲಿನ ಎರಡು ಮಾತಿನಲ್ಲಿ ಅಳೆಯುತ್ತೇವೆ. ಯಾರನ್ನೂ ಅಳೆಯದೆ ಬಾಳುವುದೂ ಸಾಧ್ಯವಿಲ್ಲ, ನಿಜ. ಸಸ್ಯವಿಜ್ಞಾನಿಯೂ ಚೂರಿಗೆ ಹೆಸರಿಡುತ್ತಾನೆ. ಆದರೆ ಅದು ಚೂರಿನ ಹೆಸರೆಂಬುದನ್ನು ಮರೆಯುವುದಿಲ್ಲ. ನಾವೂ ಮರೆಯದಿದ್ದರೆ ಸಾಕು, ಅರ್ಧ ನ್ಯಾಯ ಸಂದಂತೆಯೇ.