ಇಬ್ಬರು ಷಡಕ್ಷರಿಗಳು

ಕೊಳ್ಳೇಗಾಲಕ್ಕೊಬ್ಬ ಷಡಕ್ಷರಿ, ಪಕ್ಕದ ಯಳಂದೂರಿಗೊಬ್ಬ ಷಡಕ್ಷರಿ. ಮೊದಲನೆಯವನು ‘ಸುಬೋಧಸಾರ’ದ ಅನುಭಾವಿ. ಎರಡನೆಯವನು 17ನೆಯ ಶತಮಾನದಲ್ಲಿ ‘ರಾಜಶೇಖರ ವಿಳಾಸ’ ಬರೆದ ಪಂಡಿತಕವಿ. ನಮ್ಮವರು ಗೊಂದಲಕ್ಕೆ ಬೀಳಲಿಲ್ಲ. ಹಳಬನನ್ನು ಮುಪ್ಪಿನ ಷಡಕ್ಷರಿ ಎಂದರು, ಇನ್ನೊಬ್ಬನನ್ನು ಷಡಕ್ಷರದೇವ ಎಂದರು. ಗ್ರಂಥಾಲಯದ ಕ್ಯಾಟಲಾಗು ಮಾಡಬೇಕಾದದ್ದೂ ಇದನ್ನೇ: ಇಬ್ಬರನ್ನು ಬೇರೆ ಮಾಡುವುದು, ಒಬ್ಬನು ಬರೆದದ್ದನ್ನೆಲ್ಲ ಒಂದೆಡೆ ಸೇರಿಸುವುದು.

ಹೆಸರು ಗಡಿ ದಾಟಿ ರೋಮನ್ ಲಿಪಿಗೆ ಹೋದಾಗ ಫಜೀತಿ ಶುರು. 1962ರ ನಂತರ ಪಿಎಲ್ 480 ಎಂಬ ಅಮೆರಿಕದ ಯೋಜನೆಯಲ್ಲಿ ಕನ್ನಡ ಪುಸ್ತಕಗಳು ಅಮೆರಿಕದ ಗ್ರಂಥಾಲಯಗಳಿಗೆ ಹೋದವು. ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಕ್ರಮ ಕಟ್ಟುನಿಟ್ಟಿನದು. ಷಡಕ್ಷರಿಗೆ ಎಸ್ ಕೆಳಗೊಂದು ಚುಕ್ಕಿ, ಡಿ ಕೆಳಗೊಂದು, ಮತ್ತೆ ಎಸ್ ಕೆಳಗೊಂದು. ಮೂರು ಚುಕ್ಕಿ ಬಿದ್ದರೆ ಒಂದಕ್ಷರವೂ ಕಳೆಯುವುದಿಲ್ಲ. ಅದೇ ಕ್ರಮ ಜಿ. ಎಸ್. ಶಿವರುದ್ರಪ್ಪನವರ ‘ಜಿ’ಯನ್ನು ಜೆ-ಐ ಎಂದೂ ‘ಎಸ್’ ಅನ್ನು ಇ-ಎಸ್ ಎಂದೂ ಬರೆಯುತ್ತದೆ. ಇಂಗ್ಲಿಷಿನಿಂದ ಬಂದ ಅಕ್ಷರ ಇಂಗ್ಲಿಷಿಗೇ ಗುರುತು ಸಿಗದಂತೆ ಹಿಂದಿರುಗಿತು! ನಗು ಬಂದರೂ ತಪ್ಪೆನ್ನಲಾರೆ. ಪುಸ್ತಕದ ಮೇಲೆ ಕನ್ನಡದಲ್ಲಿ ಇದ್ದದ್ದು ಅದೇ ತಾನೆ.

ಹೀಬ್ರೂ ಹೆಸರುಗಳ ಪಾಡು ಬೇರೆ. ಆ ಬರವಣಿಗೆಯಲ್ಲಿ ಸ್ವರಗಳನ್ನು ಸಾಮಾನ್ಯವಾಗಿ ಗುರುತಿಸುವುದಿಲ್ಲ. ಅಕ್ಷರಗಳನ್ನಷ್ಟೇ ನೋಡಿದರೆ ಸಾಲದು, ಆ ಲೇಖಕ ತನ್ನ ಹೆಸರನ್ನು ಹೇಗೆ ಹೇಳುತ್ತಿದ್ದ ಎಂದು ವಿಚಾರಿಸಬೇಕು. ಕನ್ನಡಕ್ಕೆ ಆ ಕಷ್ಟವಿಲ್ಲ, ಬರೆದದ್ದೆಲ್ಲ ಬಾಯಿಗೆ ಬರುತ್ತದೆ. ಆದರೆ ಅಷ್ಟೂ ಓದಿದ ಮೇಲೂ ಇದರಲ್ಲಿ ಆ ಮನುಷ್ಯನ ಹೆಸರು ಯಾವುದು ಎಂಬ ಪ್ರಶ್ನೆ ಉಳಿಯುತ್ತದೆ. ಗ್ರಂಥಾಲಯ ಶಾಸ್ತ್ರದ ಎಸ್. ಆರ್. ರಂಗನಾಥನ್ ಅವರದನ್ನೇ ನೋಡಿ: ‘ಎಸ್’ ಶಿಯಾಳಿ ಎಂಬ ಊರು, ‘ಆರ್’ ತಂದೆ ರಾಮಾಮೃತ. ದಕ್ಷಿಣದ ಹೆಸರುಗಳಲ್ಲಿ ಊರೂ ಅಪ್ಪನೂ ಮುಂದೆ ನಿಲ್ಲುತ್ತಾರೆ, ಮನೆತನದ ಹೆಸರಿಲ್ಲದಿದ್ದರೆ ಸ್ವಂತ ಹೆಸರಿನಡಿಯೇ ನಮೂದಿಸಿ ಎಂದು 1978ರ ಆಂಗ್ಲೋ-ಅಮೆರಿಕನ್ ಕ್ಯಾಟಲಾಗು ನಿಯಮಾವಳಿ ಹೇಳಿತು. ಒಳ್ಳೆಯ ನಿಯಮವೇ.

ಸಂಚಿಯ ಹೊನ್ನಮ್ಮನ ಹತ್ತಿರ ಬಂದಾಗ ನನಗೆ ಅನುಮಾನ. ಯಳಂದೂರಿನವಳು, ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ರಾಣಿಯ ಎಲೆಯಡಿಕೆ ಸಂಚಿ ಹಿಡಿಯುವ ಊಳಿಗದವಳು, ‘ಹದಿಬದೆಯ ಧರ್ಮ’ ಬರೆದವಳು. ಸಂಚಿ ಅವಳ ಊರಲ್ಲ, ಅಪ್ಪನಲ್ಲ. ಯಾರದೋ ತಾಂಬೂಲದ ಚೀಲ. ಅದನ್ನು ತೆಗೆದರೆ ಅವಳಿಗೆ ಗೌರವ ಸಂದಿತೆ? ತೆಗೆದರೆ ಉಳಿಯುವ ಹೊನ್ನಮ್ಮಂದಿರು ಊರಿಗೆ ನಾಲ್ಕು ಜನ. ಹೆಸರು ಅವಳದಾದರೂ ಅದನ್ನು ಹಿಡಿದು ಬರುವವರು ಹುಡುಕುವವರು. ಅವರ ಬಾಯಲ್ಲಿರುವುದು ಸಂಚಿ.

ಹನೂರಿನ ಕಡೆ ಹೋದರೆ ಈ ಗಂಟು ಇನ್ನೂ ಬಿಗಿಯಾಗುತ್ತದೆ. ಮಲೆ ಮಾದಪ್ಪನ ಸೀಮೆಯಲ್ಲಿ ‘ಮಾದೇವ’ ಎಂದು ಕೂಗಿದರೆ ಸಂತೆಯಲ್ಲಿ ಅರ್ಧ ಜನ ತಿರುಗಿ ನೋಡುತ್ತಾರೆ. ಮಾದಪ್ಪನ ಕಾವ್ಯವನ್ನು ಬಾಯಲ್ಲಿ ಉಳಿಸಿದವರಲ್ಲೂ ಅದೇ ಹೆಸರಿನವರು ಎಷ್ಟೋ. ಪುಸ್ತಕವಾದಾಗ ಮುಖಪುಟಕ್ಕೆ ಬರುವುದು ಸಂಗ್ರಹಿಸಿದವರ ಹೆಸರು. ಹಾಡಿದವರನ್ನು ಕಾರ್ಡಿಗೆ ತರೋಣವೆಂದರೆ, ಒಂದೇ ಹೆಸರಿನವರನ್ನು ಬೇರ್ಪಡಿಸಲು ಕ್ಯಾಟಲಾಗು ಹುಟ್ಟಿದ ವರ್ಷ ಕೇಳುತ್ತದೆ. ಆ ಅಜ್ಜಂದಿರನ್ನು ಕೇಳಿದರೆ ಯಾವುದೋ ಬರಗಾಲದ ಲೆಕ್ಕ ಹೇಳಿಯಾರು. ವರ್ಷವಿಲ್ಲದಿದ್ದರೆ ಕಸುಬನ್ನಾದರೂ ಬರೆಯಬಹುದು. ನಾಡು ಅದನ್ನು ಆಗಲೇ ಮಾಡಿದೆ: ಕಂಸಾಳೆ ಮಹದೇವಯ್ಯ. ಕೈಯಲ್ಲಿ ಹಿಡಿದ ತಾಳವೇ ಹೆಸರಿನ ಮೊದಲ ಮಾತಾಯಿತು, ಹೊನ್ನಮ್ಮನಿಗಾದಂತೆ. ನಾನಾದರೆ ‘ಕ’ ಅಕ್ಷರದಡಿಯೇ ಇಡುತ್ತೇನೆ. ‘ಮ’ದಲ್ಲಿ ಹುಡುಕಿ ಬಂದವರಿಗೆ ಅಲ್ಲೊಂದು ಚೀಟಿ ಇರಲಿ: ಕಂಸಾಳೆ ನೋಡಿ.