ಕರೆದ ನೆಲದ ಋಣ



ಕಾನೂನು ಕೇಳದಿರುವಲ್ಲಿಯೂ ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕೆ? ಪ್ರಶ್ನೆ ಹಳೆಯದು, ನಮ್ಮ ಮಲೆನಾಡಿನ ಮನೆಗಳಿಗೆ ಅದು ಇಂದು ಹೊಸ ವೇಷದಲ್ಲಿ ಬಂದಿದೆ. ವಿದ್ಯಾವಂತರಾದ, ವೃತ್ತಿಯಲ್ಲಿ ನುರಿತ ತರುಣ ತರುಣಿಯರು ಪರದೇಶದಲ್ಲಿ ನೆಲೆಸಲು ಹೊರಡುತ್ತಿರುವ ಈ ಕಾಲದಲ್ಲಿ ಅದನ್ನು ಶಾಂತಚಿತ್ತದಿಂದ ವಿಚಾರಿಸುವುದು ಅವಶ್ಯ.

ಮೊದಲು ಅಲ್ಲಿಯ ಕ್ರಮವನ್ನು ತಿಳಿಯೋಣ. ಕೆನಡಾ ಸೇರಿದವರಲ್ಲಿ ಬಹುಮಂದಿ ಟೊರಾಂಟೊ, ಮಾಂಟ್ರಿಯಲ್, ವ್ಯಾಂಕೂವರ್ ನಗರಗಳಲ್ಲಿಯೇ ನಿಲ್ಲುತ್ತಿದ್ದರು. ಸಣ್ಣ ಪ್ರಾಂತಗಳಿಗೆ ಕುಶಲಿಗಳು ದೊರೆಯುತ್ತಿರಲಿಲ್ಲ. ಆದುದರಿಂದ 1990ರ ದಶಕದ ಕೊನೆಯಲ್ಲಿ, ಪ್ರಾಂತಗಳೇ ತಮಗೆ ಬೇಕಾದವರನ್ನು ಹೆಸರಿಸಿ ಕರೆಸಿಕೊಳ್ಳುವ ಪದ್ಧತಿ ಆರಂಭವಾಯಿತು. ಇದರಲ್ಲಿ ಮ್ಯಾನಿಟೋಬಾ ಪ್ರಾಂತವು ಮುಂಚೂಣಿಯಲ್ಲಿತ್ತು. 2015ರಲ್ಲಿ ಜಾರಿಗೆ ಬಂದ ಎಕ್ಸ್‌ಪ್ರೆಸ್ ಎಂಟ್ರಿ ವ್ಯವಸ್ಥೆಯ 1200 ಅಂಕಗಳಲ್ಲಿ ಪ್ರಾಂತದ ನಾಮನಿರ್ದೇಶನವೊಂದಕ್ಕೇ 600 ಅಂಕಗಳು. ಅದಕ್ಕೆ ಪ್ರತಿಯಾಗಿ ಅರ್ಜಿದಾರನು, ತಾನು ಆ ಪ್ರಾಂತದಲ್ಲಿಯೇ ನೆಲೆಸುವ ಸಂಕಲ್ಪವುಳ್ಳವನೆಂದು ತಿಳಿಸಬೇಕು. ಆದರೆ ಕಾಯಂ ನಿವಾಸಿಯಾದೊಡನೆ, 1982ರ ಹಕ್ಕುಗಳ ಸನ್ನದು ಅವನಿಗೆ ಯಾವ ಪ್ರಾಂತಕ್ಕಾದರೂ ಹೋಗುವ ಸ್ವಾತಂತ್ರ್ಯವನ್ನು ಕೊಡುತ್ತದೆ.

ಆಸ್ಟ್ರೇಲಿಯಾದ ರೀತಿ ಬೇರೆ. ಅಲ್ಲಿ 2019ರ ನವೆಂಬರಿನಲ್ಲಿ ಬಂದ 491ನೆಯ ವರ್ಗದ ವೀಸಾ ಐದು ವರ್ಷಗಳದು. ಗೊತ್ತುಪಡಿಸಿದ ಪ್ರದೇಶದಲ್ಲಿ ಮೂರು ವರ್ಷ ಬಾಳಿದ ಮೇಲೆಯೇ ಕಾಯಂ ನೆಲೆಯನ್ನು ಕೇಳಲು ಸಾಧ್ಯ. ಅಲ್ಲಿ ನಿಯಮವು ಬೇಲಿಯಂತೆ ಕಾಯುತ್ತದೆ. ಕೆನಡಾದಲ್ಲಿಯಾದರೋ ಬಹುಪಾಲು ಮಾತೇ ಬೇಲಿ. ಬೇಲಿಯಿಲ್ಲದ ಕಡೆಯಲ್ಲಿಯೇ ಮನುಷ್ಯನ ಸತ್ಯದ ಪರೀಕ್ಷೆ ನಡೆಯುವುದು.

ಈಗ ಬಾಬಾಬುಡನ್‌ಗಿರಿಯ ಹಾದಿಯ ಅತ್ತಿಗುಂಡಿಗೆ ಬನ್ನಿ. ಈ ಬೆಟ್ಟಗಳ ಕಾಫಿಯೇ ವಲಸೆ ಬಂದದ್ದು. ಬಾಬಾಬುಡನರು ಯೆಮೆನ್ನಿನಿಂದ ಏಳು ಬೀಜಗಳನ್ನು ತಂದರೆಂಬುದು ಜನ ನಂಬಿರುವ ಕಥೆ. ಈ ಸೀಮೆಯ ತೋಟಗಳನ್ನು ಬೆಳೆಸಿದ ಕೈಗಳೂ ಬಹುಪಾಲು ಹೊರಗಿನವೇ. ಮೇಸ್ತ್ರಿಗಳು ಮುಂಗಡ ಕೊಟ್ಟು ಘಟ್ಟದ ಕೆಳಗಿನಿಂದಲೂ ತಮಿಳು ಸೀಮೆಯಿಂದಲೂ ಆಳುಗಳನ್ನು ಕರೆತಂದು ಲೈನುಮನೆಗಳಲ್ಲಿ ಇಳಿಸಿದರು. ಇಂದು ಅಸ್ಸಾಮಿನವರೂ ಬರುತ್ತಾರೆ. ಎಂದಮೇಲೆ ನಾವು ಹೊರಡುವವರಷ್ಟೇ ಅಲ್ಲ, ಕರೆಯುವವರೂ ಹೌದು.

ಒಂದು ಮನೆಯನ್ನು ಊಹಿಸಿಕೊಳ್ಳಿ. ಕಾಫಿ ಹಣ್ಣು ಕೆಂಪೇರಿದೆ. ಮುಂಗಡ ಪಡೆದ ಆಳೊಬ್ಬ ಕುಯ್ಲಿನ ನಡುವೆ ಹೆಚ್ಚಿನ ಕೂಲಿಯ ಆಸೆಗೆ ಬೇರೆ ತೋಟಕ್ಕೆ ಹೋಗಿಬಿಟ್ಟಿದ್ದಾನೆ. ಯಜಮಾನರು ಜಗುಲಿಯಲ್ಲಿ ಕುಳಿತು, "ಈಗಿನವರಿಗೆ ನಿಯತ್ತೇ ಇಲ್ಲ" ಎಂದು ಮರುಗುತ್ತಾರೆ. ಅದೇ ಸಂಜೆ ಮಗನಿಗೆ ಅವರ ಉಪದೇಶವೇನು? "ಮೊದಲು ಯಾವುದಾದರೊಂದು ಸಣ್ಣ ಪ್ರಾಂತದ ಹೆಸರಿನಲ್ಲಿ ಒಳಗೆ ಸೇರು, ಕಾಗದ ಕೈಗೆ ಬಂದ ಮರುದಿನವೇ ಟೊರಾಂಟೊ ಹಿಡಿ." ಅಳೆಯುವಾಗ ಒಂದು ಸೇರು, ಕೊಡುವಾಗ ಇನ್ನೊಂದು ಸೇರು! ಇದು ನ್ಯಾಯವೇ ಎಂದು ನೀವೇ ಹೇಳಿರಿ.

ಇನ್ನೊಂದು ಪಕ್ಷವನ್ನೂ ಕೇಳಬೇಕು. ಮನುಷ್ಯನನ್ನು ಒಂದು ನೆಲಕ್ಕೆ ಕಟ್ಟಿಹಾಕುವುದು ಅಧರ್ಮ. ಸಾಲದ ಮೂಲಕ ದುಡಿಮೆಯನ್ನು ಬಂಧಿಸುವ ಜೀತವನ್ನು ನಮ್ಮ ದೇಶ 1976ರ ಕಾಯಿದೆಯಿಂದ ರದ್ದುಪಡಿಸಿದ್ದು ಇದಕ್ಕಾಗಿಯೇ. ಅಲ್ಲದೆ, ಕರೆದವರಿಗೂ ಕರ್ತವ್ಯವುಂಟು. ಹೇಳಿದ ಉದ್ಯೋಗ ಅಲ್ಲಿರದಿದ್ದರೆ, ಯಜಮಾನನು ಅನ್ಯಾಯ ಮಾಡಿದರೆ, ಹೆಂಡತಿಗೋ ಮಗುವಿಗೋ ಬೇಕಾದ ಚಿಕಿತ್ಸೆ ದೂರದ ನಗರದಲ್ಲಿಯೇ ದೊರೆಯುವುದಾದರೆ, ಅಲ್ಲಿಂದ ಹೊರಡುವವನನ್ನು ವಚನಭ್ರಷ್ಟನೆನ್ನಲಾಗದು. ಪ್ರಾಮಾಣಿಕವಾಗಿ ಬಾಳಿನೋಡಿ ಮನಸ್ಸು ಬದಲಿಸಿದವನನ್ನೂ ದೂಷಿಸುವಂತಿಲ್ಲ.

ಹಾಗಾದರೆ ದೋಷವೆಲ್ಲಿ? ಹೋದದ್ದರಲ್ಲಿ ಅಲ್ಲ, ಹೋಗುವುದನ್ನು ಮೊದಲೇ ನಿಶ್ಚಯಿಸಿಕೊಂಡು "ಇರುತ್ತೇನೆ" ಎಂದು ಬರೆದುಕೊಟ್ಟುದರಲ್ಲಿ. ಮನಸ್ಸು ಬದಲಾಗುವುದು ಮಾನವ ಸಹಜ. ಇಲ್ಲದ ಮನಸ್ಸನ್ನು ಇದೆಯೆಂದು ತೋರಿಸುವುದು ಅಸತ್ಯ. ಸುಳ್ಳು ವಿವರ ಕೊಟ್ಟವರನ್ನು ಕೆನಡಾದ ಕಾನೂನು ಐದು ವರ್ಷ ಹೊರಗಿಡಬಲ್ಲದು. ಆದರೆ ಅಂತರಂಗದ ಸಂಕಲ್ಪವನ್ನು ತೆರೆದು ನೋಡುವ ಕಣ್ಣು ಯಾವ ಕಚೇರಿಗೂ ಇಲ್ಲ. ಆ ಕಣ್ಣು ನಮ್ಮೊಳಗೇ ಇದೆ. ಈ ಅಸತ್ಯದ ಬೆಲೆಯನ್ನು ಹೇಳಿದವನೂ ತೆರುವುದಿಲ್ಲ. ಆ ಊರಿನಲ್ಲಿಯೇ ನಿಜವಾಗಿ ಬಾಳಬೇಕೆಂದಿದ್ದ ಮತ್ತೊಬ್ಬನ ಸ್ಥಾನ ಹೋಯಿತು. ಮುಂದೆ ಬರುವವರ ಮಾತಿನ ಮೇಲೆ ಆ ಊರಿನ ನಂಬಿಕೆಯೂ ಹೋಯಿತು.

ಕಾಫಿಗಿಡ ಮೊದಲ ಫಲ ಕೊಡಲು ಮೂರು ನಾಲ್ಕು ವರ್ಷ ಹಿಡಿಯುತ್ತದೆ. ಮೊದಲ ಮಳೆಗೇ ಕಿತ್ತು ಬೇರೆಡೆ ನೆಟ್ಟರೆ ಯಾವ ನೆಲದಲ್ಲಿ ಫಲಿಸೀತು? ಕುಶಲಿಯೂ ಹಾಗೆಯೇ. ಕರೆದ ಊರಿನಲ್ಲಿ ಕೆಲವು ವರ್ಷ ಬೇರೂರಿ, ಅಲ್ಲಿಯ ರೋಗಿಗೋ ಶಾಲೆಗೋ ಕಾರ್ಖಾನೆಗೋ ಉಪಯೋಗವಾದರೆ, ಅವನ ದುಡಿಮೆ ಸಂಬಳದ ಮಟ್ಟವನ್ನು ದಾಟಿ ಕಾಯಕವಾಗುತ್ತದೆ.

ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವರು ನಮ್ಮ ಓದುಗರಲ್ಲಿ ಅನೇಕರಿದ್ದಾರೆ. ಅಂದು ನಮ್ಮಿಂದ ಯಾರೂ ಮುಚ್ಚಳಿಕೆ ಬರೆಸಿಕೊಳ್ಳಲಿಲ್ಲ. ಆದರೂ ಆ ಋಣವನ್ನು ನಾವು ಮರೆತಿಲ್ಲ. ಬರೆಸಿಕೊಳ್ಳದ ಋಣವನ್ನೇ ನೆನೆಯುವ ನಾವು, ಬರೆದುಕೊಟ್ಟ ಮಾತನ್ನು ಹಗುರವಾಗಿ ಕಾಣಬಹುದೇ? ಆದುದರಿಂದ ಹೊರಡಲಿರುವ ಮಕ್ಕಳಿಗೆ ಹಿರಿಯರು ಹೇಳಬೇಕಾದುದು ಇಷ್ಟೇ: ಸಹಿ ಹಾಕುವ ಮೊದಲು ಆ ಊರಿನ ಚಳಿಯನ್ನು, ಒಂಟಿತನವನ್ನು, ದುಡಿಮೆಯ ಅವಕಾಶವನ್ನು ವಿಚಾರಿಸು. ಇರಲಾರೆನೆಂದು ತೋರಿದರೆ ಬೇರೆ ದಾರಿ ಹಿಡಿ, ತಡವಾದರೂ ಚಿಂತೆಯಿಲ್ಲ. ಇರುತ್ತೇನೆಂದರೆ, ಇರುವ ಮನಸ್ಸಿನಿಂದಲೇ ಹೋಗು.